ಪ್ರೋಗ್ರಾಮಿಂಗ್ ಭಾಷೆಗೆ ನಂಬಬಹುದಾದ ರಿಗ್ರೆಶನ್ ಟೆಸ್ಟ್ ಬರೆಯುವುದು ಹೇಗೆ? ಪೈಥಾನ್ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಒಂದು ಬಗ್ ಸರಿ ಮಾಡುತ್ತೀರಿ. ಸ್ವಲ್ಪ ವರ್ಷ ಬಿಟ್ಟು ಬೇರೆ ಯಾರೋ ಅದೇ ಫೈಲಿಗೆ ಕೈ ಹಾಕುತ್ತಾರೆ. ಅವರ ಉದ್ದೇಶ ಕೋಡ್ ವೇಗವಾಗಿ ಓಡಲಿ ಅನ್ನೋದಷ್ಟೆ. ಆದರೆ ಹಳೆಯ ಬಗ್ ಸದ್ದಿಲ್ಲದೆ ವಾಪಸ್ ಬಂದಿರುತ್ತದೆ. ಇದನ್ನು ತಡೆಯಲು ಬರೆಯುವ ಟೆಸ್ಟೇ ರಿಗ್ರೆಶನ್ ಟೆಸ್ಟ್. ಸಾಮಾನ್ಯ ಆ್ಯಪ್‌ನಲ್ಲಿ ಬಗ್ ವಾಪಸ್ ಬಂದರೆ ಆ ಆ್ಯಪ್ ಕೆಡುತ್ತದೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಂದರೆ ಅದರಲ್ಲಿ ಬರೆದ ಯಾರ ಪ್ರೋಗ್ರಾಂ ಬೇಕಾದರೂ ಕೆಡಬಹುದು. ಅದಕ್ಕೇ ಇಲ್ಲಿ ಜಾಸ್ತಿ ಜಾಗ್ರತೆ ಬೇಕು.

ನಂಬಬಹುದಾದ ಟೆಸ್ಟ್ ಅಂದರೆ ಏನು? ನನ್ನ ಪ್ರಕಾರ ಎರಡೇ ಷರತ್ತು. ಒಂದು, ಫಿಕ್ಸ್ ತೆಗೆದುಬಿಟ್ಟರೆ ಟೆಸ್ಟ್ ಫೇಲ್ ಆಗಲೇಬೇಕು. ಎರಡು, ಫಿಕ್ಸ್ ಇರುವಾಗ ಯಾವ ಯಂತ್ರದಲ್ಲಿ, ಯಾವ ಹೊತ್ತಿನಲ್ಲಿ ಓಡಿಸಿದರೂ ಬೇರೆ ಕಾರಣಕ್ಕೆ ಫೇಲ್ ಆಗಬಾರದು. ಮೊದಲನೆಯದನ್ನು ತುಂಬ ಜನ ಪರೀಕ್ಷಿಸುವುದೇ ಇಲ್ಲ. ಎರಡನೆಯದರಲ್ಲಿ ತಪ್ಪಿದರೆ ಇನ್ನೂ ದೊಡ್ಡ ನಷ್ಟ. "ಅಯ್ಯೋ, ಆ ಟೆಸ್ಟ್ ಯಾವಾಗ್ಲೂ ಹಾಗೇ, ಇನ್ನೊಂದ್ಸಲ ಓಡಿಸು" ಅಂತ ತಂಡದವರು ಹೇಳೋಕೆ ಶುರು ಮಾಡಿದ ದಿನವೇ ಆ ಟೆಸ್ಟ್ ಸತ್ತ ಹಾಗೆ. ಆಮೇಲೆ ಅದು ನಿಜವಾದ ಬಗ್ ತೋರಿಸಿದರೂ ಯಾರೂ ನೋಡುವುದಿಲ್ಲ.

ಸುಮ್ನೆ ತತ್ವ ಹೇಳಿದರೆ ಕೈಗೆ ಹತ್ತುವುದಿಲ್ಲ, ಹಾಗಾಗಿ ಸೀಪೈಥಾನ್ ತೆಗೆದುಕೊಂಡಿದ್ದೇನೆ. ನಾವು ದಿನಾ ಬಳಸುವ ಪೈಥಾನ್ ಅಂದರೆ ಇದೇ. ಇಲ್ಲಿ ಕಮಾಂಡ್, ಫೈಲ್, ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಹಂತ 1: ಡಿಬಗ್ ಬಿಲ್ಡ್ ಮಾಡಿಕೊಳ್ಳಿ

ಗಿಟ್‌ಹಬ್‌ನಿಂದ ಸೀಪೈಥಾನ್ ಸೋರ್ಸ್ ಇಳಿಸಿಕೊಳ್ಳಿ. ಲಿನಕ್ಸ್ ಅಥವಾ ಮ್ಯಾಕ್ ಆದರೆ ಕಾನ್ಫಿಗರ್ ಸ್ಕ್ರಿಪ್ಟನ್ನು --ವಿತ್-ಪೈಡಿಬಗ್ ಆಯ್ಕೆ ಕೊಟ್ಟು ಓಡಿಸಿ, ಆಮೇಲೆ ಮೇಕ್. ಹೀಗೆ ಸಿಗುವ ಡಿಬಗ್ ಬಿಲ್ಡ್, ಅಂದರೆ ತಪ್ಪು ಹುಡುಕಲೆಂದೇ ಕಟ್ಟಿದ ಪೈಥಾನ್, ನಿಧಾನ, ನಿಜ. ಆದರೆ ಸಿ ಕೋಡ್ ಒಳಗಿನ ಅಸರ್ಟ್‌ಗಳು (ಇದು ನಿಜವಾಗಿರಲೇಬೇಕು ಎಂದು ಪರೀಕ್ಷಿಸುವ ಸಾಲುಗಳು) ಅದರಲ್ಲಿ ಎಚ್ಚರವಾಗಿರುತ್ತವೆ, ರೆಫರೆನ್ಸ್‌ಗಳ, ಅಂದರೆ ವಸ್ತುಗಳನ್ನು ಹಿಡಿದಿಟ್ಟಿರುವ ಕೊಂಡಿಗಳ ಎಣಿಕೆಯೂ ಸಿಗುತ್ತದೆ. ಮುಂದೆ ಮೆಮೊರಿ ಸೋರಿಕೆ ಹುಡುಕಲು ಇದೇ ಬೇಕು. ಮ್ಯಾಕ್‌ನಲ್ಲಿ ಸಿಗುವ ಫೈಲಿನ ಹೆಸರು ಪೈಥಾನ್.ಎಕ್ಸ್‌ಇ ಅಂತ ಇದ್ದರೆ ಗಾಬರಿ ಬೇಡ. ಅಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಫೈಲ್ ಹೆಸರು ಒಂದೇ ಅಂತ ಲೆಕ್ಕ, ಪೈಥಾನ್ ಅನ್ನುವ ಫೋಲ್ಡರ್ ಆಗಲೇ ಇದೆ. ಅದಕ್ಕೇ ಈ ಏರ್ಪಾಡು.

ಏನನ್ನೂ ಮುಟ್ಟುವ ಮೊದಲು ಇಡೀ ಟೆಸ್ಟ್ ಗುಂಪನ್ನು ಒಮ್ಮೆ ಓಡಿಸಿ. ಹೊಸ ಪೈಥಾನ್‌ಗೆ -ಎಂ ಟೆಸ್ಟ್ ಕೊಟ್ಟು, ಜೊತೆಗೆ -ಜೆ0 ಹಾಕಿದರೆ ಇರುವ ಎಲ್ಲ ಕೋರ್‌ಗಳನ್ನೂ ಬಳಸಿ ಓಡುತ್ತದೆ. ನಿಮ್ಮ ಯಂತ್ರದಲ್ಲಿ ಮೊದಲೇ ಯಾವುದಾದರೂ ಫೇಲ್ ಆಗುತ್ತಿದ್ದರೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಆಮೇಲೆ ನಿಮ್ಮ ಬದಲಾವಣೆಯಿಂದ ಹೀಗಾಯಿತು ಅಂತ ತಲೆ ಕೆಡಿಸಿಕೊಳ್ಳುತ್ತೀರಿ.

ಹಂತ 2: ಬಗ್‌ನ ಬೇರು ಹಿಡಿಯಿರಿ, ಇನ್‌ಪುಟ್ ಕುಗ್ಗಿಸಿ

ಒಂದು ನಿಜವಾದ ಬಗ್ ನೋಡೋಣ. ಜೇಸನ್ ಅಂದರೆ ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಪಠ್ಯ ರೂಪ. ಅದರ ನಿಯಮದ ಪ್ರಕಾರ ಸಂಖ್ಯೆಯಲ್ಲಿ 0ಯಿಂದ 9ರವರೆಗಿನ ಆಸ್ಕಿ (ಸಾಮಾನ್ಯ ಇಂಗ್ಲಿಷ್ ಕೀಬೋರ್ಡಿನ) ಅಂಕೆಗಳು ಮಾತ್ರ ಇರಬೇಕು. ಪೈಥಾನ್‌ನ ಜೇಸನ್ ಮಾಡ್ಯೂಲ್ ಎರಡು ರೂಪದಲ್ಲಿದೆ. ಒಂದು ಸಿ ಭಾಷೆಯಲ್ಲಿ ಬರೆದ ವೇಗದ ರೂಪ, ಇನ್ನೊಂದು ಪೂರ್ತಿ ಪೈಥಾನ್‌ನಲ್ಲೇ ಬರೆದದ್ದು. ಪೈಥಾನ್ ರೂಪ ಸಂಖ್ಯೆಯನ್ನು ಗುರುತಿಸಲು ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದ ನಮೂನೆ ಹೇಳುವ ಸೂತ್ರ) ಬಳಸುತ್ತದೆ, ಅದರಲ್ಲಿ ಅಂಕೆಗೆ ಬ್ಯಾಕ್‌ಸ್ಲ್ಯಾಶ್-ಡಿ ಅಂತ ಬರೆದಿತ್ತು. ಸಾಮಾನ್ಯ ಸ್ಟ್ರಿಂಗ್‌ನಲ್ಲಿ ಬ್ಯಾಕ್‌ಸ್ಲ್ಯಾಶ್-ಡಿ ಅಂದರೆ ಯೂನಿಕೋಡ್‌ನ ಎಲ್ಲ ದಶಮಾಂಶ ಅಂಕೆಗಳು. ಕನ್ನಡದ ೦ಯಿಂದ ೯ರವರೆಗಿನವೂ ಸೇರಿ! ಪೈಥಾನ್‌ನ ಇಂಟ್ ಫಂಕ್ಷನ್ ಕೂಡ ಕನ್ನಡ ಅಂಕೆಗಳನ್ನು ಓದುತ್ತದೆ: "೧೨" ಕೊಟ್ಟರೆ 12 ಬರುತ್ತದೆ. ಅದು ಭಾಷೆಯ ಒಳ್ಳೆಯ ಗುಣ. ಆದರೆ ಜೇಸನ್‌ನಲ್ಲಿ ಅದು ತಪ್ಪು. ಇದನ್ನು 2024ರಲ್ಲಿ ಸರಿ ಮಾಡಲಾಯಿತು.

ಈಗ ಇದಕ್ಕೆ ಟೆಸ್ಟ್ ಬರೆಯಿರಿ ಅಂದರೆ ಮೊದಲಿಗೆ ಏನು ಹೊಳೆಯುತ್ತದೆ? ಕನ್ನಡದಲ್ಲಿ "೧೦" ಕೊಟ್ಟು ಎರರ್ ಬರುತ್ತದಾ ನೋಡೋಣ ಅಂತ, ಅಲ್ವಾ? ಬರೆದು ಓಡಿಸಿದರೆ ಪಾಸ್. ಆದರೆ ಫಿಕ್ಸ್ ಇಲ್ಲದ ಹಳೆಯ ಕೋಡ್‌ನಲ್ಲೂ ಅದು ಪಾಸ್ ಆಗುತ್ತದೆ! ಯಾಕೆಂದರೆ ಆ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಮೊದಲ ಅಂಕೆಯನ್ನು 1ರಿಂದ 9 ಎಂದು ಆಸ್ಕಿಯಲ್ಲೇ ಕಟ್ಟಿ ಹಾಕಿತ್ತು. ಬ್ಯಾಕ್‌ಸ್ಲ್ಯಾಶ್-ಡಿ ಬರುವುದು ಎರಡನೆಯ ಅಂಕೆಯಿಂದ. "೧೦" ಮೊದಲ ಬಾಗಿಲಲ್ಲೇ ತಿರಸ್ಕಾರವಾಗುತ್ತಿತ್ತು. ನುಸುಳುತ್ತಿದ್ದದ್ದು "1೦", ಅಂದರೆ ಆಸ್ಕಿ ಒಂದು, ಅದರ ಪಕ್ಕ ಕನ್ನಡ ಸೊನ್ನೆ. ಇದನ್ನು ಹಳೆಯ ಕೋಡ್ ಆರಾಮಾಗಿ 10 ಎಂದು ಓದುತ್ತಿತ್ತು. ಹಾಗೇ "0.೫". ಘಾತದ ಜಾಗದಲ್ಲಿ (1e5 ಥರದ ಸಂಖ್ಯೆಯ e ಆದ ಮೇಲೆ) ಕನ್ನಡ ಅಂಕೆ ಬಂದರೂ ಅದೇ ಕತೆ.

ಅಂದರೆ ಬಗ್ ವರದಿ ಓದಿ ಟೆಸ್ಟ್ ಬರೆದರೆ ಸಾಲದು. ಕೋಡ್ ಓದಿ, ಯಾವ ಸಾಲು ತಪ್ಪು, ಆ ಸಾಲಿಗೆ ತಲುಪುವ ಅತಿ ಚಿಕ್ಕ ಇನ್‌ಪುಟ್ ಯಾವುದು ಎಂದು ನೋಡಬೇಕು. ವರದಿಯಲ್ಲಿ ಮುನ್ನೂರು ಸಾಲಿನ ಪ್ರೋಗ್ರಾಂ ಇದ್ದರೆ ಅರ್ಧ ಕತ್ತರಿಸಿ ಓಡಿಸಿ. ಬಗ್ ಇನ್ನೂ ಕಾಣುತ್ತಿದೆಯಾ? ಮತ್ತೆ ಅರ್ಧ ಕತ್ತರಿಸಿ. ಇನ್ನು ಒಂದು ಅಕ್ಷರ ತೆಗೆದರೂ ಬಗ್ ಕಾಣುವುದಿಲ್ಲ ಅನ್ನುವವರೆಗೆ ಕುಗ್ಗಿಸಿ. ಹೀಗೆ ಮಾಡುವಾಗಲೇ ಬಗ್‌ಗೆ ಎಷ್ಟು ದಾರಿಗಳಿವೆ ಅನ್ನುವುದೂ ಗೊತ್ತಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮೂರು ದಾರಿ: ಪೂರ್ಣಾಂಕ, ದಶಮಾಂಶ, ಘಾತ. ಮೂರಕ್ಕೂ ಒಂದೊಂದು ಇನ್‌ಪುಟ್ ಬೇಕು.

ಇನ್ನೊಂದು ಮಾತು. ಟೆಸ್ಟ್ ಫೈಲಿನಲ್ಲಿ ೦ ಅಂತ ನೇರವಾಗಿ ಬರೆಯಬೇಡಿ. ಕನ್ನಡದ ಸೊನ್ನೆ ಮತ್ತು ತೆಲುಗಿನ ಸೊನ್ನೆ ನೋಡಲು ಒಂದೇ ಥರ, ಆದರೆ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತ. ಓದುವವರ ಫಾಂಟ್‌ನಲ್ಲಿ ಚೌಕ ಡಬ್ಬಿ ಬಂದರೂ ಬರಬಹುದು. ಯೂನಿಕೋಡ್ ಎಸ್ಕೇಪ್, ಅಂದರೆ ಬ್ಯಾಕ್‌ಸ್ಲ್ಯಾಶ್-ಯು ಹಾಕಿ ಅಕ್ಷರದ ಸಂಕೇತ ಸಂಖ್ಯೆ ಬರೆಯುವ ರೀತಿ ಬಳಸಿ, ಕನ್ನಡ ಸೊನ್ನೆಗೆ 0ಸಿಇ6. ಪಕ್ಕದಲ್ಲಿ ಕಾಮೆಂಟಾಗಿ ಅದು ಯಾವ ಅಕ್ಷರ ಅಂತ ಬರೆಯಿರಿ.

ಹಂತ 3: ಸರಿಯಾದ ಮನೆ ಹುಡುಕಿ

ಸೀಪೈಥಾನ್ ಟೆಸ್ಟ್‌ಗಳೆಲ್ಲ ಲಿಬ್ ಫೋಲ್ಡರ್‌ನ ಒಳಗಿನ ಟೆಸ್ಟ್ ಫೋಲ್ಡರ್‌ನಲ್ಲಿವೆ. ಹೆಸರು ಟೆಸ್ಟ್ ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತದೆ. ಪ್ರತಿ ಬಗ್‌ಗೂ ಹೊಸ ಫೈಲ್ ಮಾಡಬೇಡಿ. ಆ ಮಾಡ್ಯೂಲ್‌ನ ಫೈಲಿಗೆ ಹೋಗಿ, ಅದೇ ವಿಷಯದ ಕ್ಲಾಸ್ ಹುಡುಕಿ, ಅಲ್ಲಿ ಸೇರಿಸಿ. ಸುತ್ತಲಿನ ಟೆಸ್ಟ್‌ಗಳನ್ನು ಓದಿ. ನಿಮಗೆ ಬೇಕಾದ ಸಹಾಯಕ ಫಂಕ್ಷನ್ ಅಲ್ಲೇ ಇರುವ ಸಾಧ್ಯತೆ ಜಾಸ್ತಿ.

ಟೆಸ್ಟ್‌ನ ಹೆಸರು ವರ್ತನೆಯನ್ನು ಹೇಳಬೇಕು. "ಆಸ್ಕಿ ಅಲ್ಲದ ಅಂಕೆ ತಿರಸ್ಕೃತ" ಅನ್ನುವ ಅರ್ಥದ ಹೆಸರು ಒಳ್ಳೆಯದು, "ಬಗ್ ಟೆಸ್ಟ್ 2" ಅನ್ನುವುದು ಯಾರಿಗೂ ಉಪಯೋಗವಿಲ್ಲ. ಇಶ್ಯೂ (ಬಗ್ ವರದಿ) ನಂಬರನ್ನು ಕಾಮೆಂಟಿನಲ್ಲಿ ಹಾಕಿ. 2022ರಲ್ಲಿ ಪೈಥಾನ್ ಇಶ್ಯೂಗಳು ಗಿಟ್‌ಹಬ್‌ಗೆ ಬಂದವು, ಆಗಿನಿಂದ ನಂಬರಿನ ಮುಂದೆ ಜಿಎಚ್ ಅಂತ ಬರೆಯುತ್ತಾರೆ. ಡಾಕ್‌ಸ್ಟ್ರಿಂಗ್ (ಫಂಕ್ಷನ್ ಒಳಗೆ ಮೊದಲಿಗೆ ಬರೆಯುವ ವಿವರಣೆ) ಮಾತ್ರ ಹಾಕಬೇಡಿ. ಅದು ಇದ್ದರೆ ಯೂನಿಟ್‌ಟೆಸ್ಟ್ ಎಂಬ ಟೆಸ್ಟ್ ಲೈಬ್ರರಿ ವಿವರವಾದ ವರದಿಯಲ್ಲಿ ಆ ವಾಕ್ಯವನ್ನೂ ತುರುಕುತ್ತದೆ. ಯಾವ ಟೆಸ್ಟ್ ಓಡುತ್ತಿದೆ ಅನ್ನುವುದು ಕಣ್ಣಿಗೆ ಸಲೀಸಾಗಿ ಬೀಳುವುದಿಲ್ಲ. ವಿವರಣೆ ಬೇಕಾದರೆ ಕಾಮೆಂಟ್ ಸಾಕು.

ಹಂತ 4: ಎರಡು ರೂಪ ಇದ್ದರೆ ಎರಡಕ್ಕೂ ಟೆಸ್ಟ್

ಜೇಸನ್ ಬಗ್ ಅಷ್ಟು ದಿನ ಅಡಗಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸಿ ರೂಪದಲ್ಲಿ ಆ ತಪ್ಪು ಇರಲಿಲ್ಲ, ಹೆಚ್ಚಿನವರು ಬಳಸುವುದು ಅದನ್ನೇ. ಹಾಗಾಗಿ ನೀವು ಸುಮ್ನೆ ಜೇಸನ್ ಇಂಪೋರ್ಟ್ ಮಾಡಿ ಟೆಸ್ಟ್ ಬರೆದರೆ ಸಿ ರೂಪವನ್ನೇ ಪರೀಕ್ಷಿಸುತ್ತೀರಿ. ಬಗ್ ಇರುವ ಪೈಥಾನ್ ರೂಪ ಹಾಗೇ ಉಳಿಯುತ್ತದೆ.

ಸೀಪೈಥಾನ್‌ನಲ್ಲಿ ಇದಕ್ಕೆ ಒಂದು ಅಚ್ಚುಕಟ್ಟಾದ ವ್ಯವಸ್ಥೆ ಇದೆ. ಇಂಪೋರ್ಟ್ ಫ್ರೆಶ್ ಮಾಡ್ಯೂಲ್ ಅನ್ನುವ ಸಹಾಯಕ ಫಂಕ್ಷನ್, ಸಿ ಭಾಗವನ್ನು ತಡೆದು ಮಾಡ್ಯೂಲನ್ನು ಹೊಸದಾಗಿ ತರುತ್ತದೆ. ಟೆಸ್ಟ್‌ಗಳನ್ನು ಒಂದು ಸಾಮಾನ್ಯ ಕ್ಲಾಸಿನಲ್ಲಿ ಬರೆಯುತ್ತಾರೆ. ಅದನ್ನು ಎರಡು ಚಿಕ್ಕ ಕ್ಲಾಸ್‌ಗಳು ಪಡೆದುಕೊಳ್ಳುತ್ತವೆ, ಒಂದು ಪೈಥಾನ್ ರೂಪಕ್ಕೆ, ಇನ್ನೊಂದು ಸಿ ರೂಪಕ್ಕೆ. ನೀವು ಮಾಡಬೇಕಾದದ್ದು ಇಷ್ಟೇ: ಜೇಸನ್ ಫಂಕ್ಷನನ್ನು ನೇರವಾಗಿ ಕರೆಯದೆ ಸೆಲ್ಫ್ ಮೂಲಕ ಕರೆಯಿರಿ. ಆಗ ಒಂದೇ ಟೆಸ್ಟ್ ಎರಡು ಸಲ ಓಡುತ್ತದೆ.

ಜೇಸನ್ ಟೆಸ್ಟ್‌ಗಳಲ್ಲಿ ನನಗೆ ತುಂಬ ಇಷ್ಟವಾದ ಇನ್ನೊಂದು ಭಾಗ ಇದೆ. ನಿಜಕ್ಕೂ ಸಿ ಫಂಕ್ಷನ್ ಸಿಕ್ಕಿದೆಯಾ, ಪೈಥಾನ್ ಫಂಕ್ಷನ್ ಸಿಕ್ಕಿದೆಯಾ ಎಂದು ಪರೀಕ್ಷಿಸಲು ಪ್ರತ್ಯೇಕ ಟೆಸ್ಟ್ ಇಟ್ಟಿದ್ದಾರೆ. ಅದಿಲ್ಲದಿದ್ದರೆ ಒಂದು ದಿನ ಇಂಪೋರ್ಟ್ ವ್ಯವಸ್ಥೆ ಕೆಟ್ಟು ಎರಡು ಸಲವೂ ಒಂದೇ ರೂಪ ಓಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮದೇ ಭಾಷೆಯಲ್ಲಿ ಇಂಟರ್‌ಪ್ರಿಟರ್ (ಕೋಡನ್ನು ನೇರವಾಗಿ ಓಡಿಸುವುದು) ಮತ್ತು ಜಿಟ್ (ಓಡುವಾಗಲೇ ಯಂತ್ರದ ಭಾಷೆಗೆ ಬದಲಿಸುವುದು) ಎರಡೂ ಇದ್ದರೆ ಇದೇ ಉಪಾಯ ಮಾಡಿ.

ಹಂತ 5: ಅಸರ್ಟ್ ಎಷ್ಟು ಬಿಗಿ ಇರಬೇಕು?

ಇದೇ ಈ ಕೆಲಸದ ಹೃದಯ, ಸ್ವಲ್ಪ ನಿಧಾನವಾಗಿ ನೋಡೋಣ. ಭಾಷೆ ಏನನ್ನು ಖಾತ್ರಿ ಕೊಡುತ್ತದೋ ಅದನ್ನು ಮಾತ್ರ ಪರೀಕ್ಷಿಸಿ. ಈವತ್ತು ಹೀಗೆ ಕಾಣುತ್ತಿದೆ ಅನ್ನುವುದನ್ನು ಪರೀಕ್ಷಿಸಬೇಡಿ.

ಎರರ್ ವಿಷಯ ಮೊದಲು. ಎರರ್ ಬಂತೇ ಎಂದು ಪರೀಕ್ಷಿಸುವ ಅಸರ್ಟ್‌ರೈಸಸ್‌ಗೆ ಎಕ್ಸೆಪ್ಶನ್ (ಯಾವ ಎರರ್ ಆದರೂ ಸರಿ) ಅಂತ ಕೊಟ್ಟರೆ, ಟೆಸ್ಟ್‌ನಲ್ಲಿ ನೀವೇ ಹೆಸರು ತಪ್ಪಾಗಿ ಬರೆದು ನೇಮ್‌ಎರರ್ ಬಂದರೂ ಪಾಸ್ ಆಗುತ್ತದೆ. ವ್ಯಾಲ್ಯೂಎರರ್ ಅಂತ ಕೊಟ್ಟರೂ ಸಡಿಲವೇ. ಪಾರ್ಸರ್ ತಪ್ಪಾಗಿ ಒಪ್ಪಿಕೊಂಡು, ಆಮೇಲೆ ಒಳಗೆ ಇಂಟ್ ಎಡವಿ ಬಿದ್ದರೂ ವ್ಯಾಲ್ಯೂಎರರ್ ಬರುತ್ತದೆ. ಜೇಸನ್‌ಡಿಕೋಡ್‌ಎರರ್ ಅಂತಲೇ ಹೇಳಿ. ಅದು ವ್ಯಾಲ್ಯೂಎರರ್‌ನ ಉಪಜಾತಿ, ಅರ್ಥವೂ ನಿಖರ. ಹಾಗಂತ ಸಂದೇಶದ ಪೂರ್ತಿ ವಾಕ್ಯವನ್ನು ಹೋಲಿಸಬೇಡಿ. 2021ರ ಪೈಥಾನ್ 3.10ರಲ್ಲಿ ಎರರ್ ಸಂದೇಶಗಳು ಬಹಳ ಸುಧಾರಿಸಿದವು. ಅಂಥ ಒಳ್ಳೆಯ ಬದಲಾವಣೆ ಬಂದಾಗ ಸಂಬಂಧವಿಲ್ಲದ ಟೆಸ್ಟ್‌ಗಳು ಒಡೆಯಬಾರದು. ಬಗ್ ಇದ್ದದ್ದೇ ಸಂದೇಶದಲ್ಲಿ ಅಂದರೆ ಮಾತು ಬೇರೆ. ಆಗಲೂ ಮುಖ್ಯ ಪದವನ್ನಷ್ಟೇ ಅಸರ್ಟ್‌ರೈಸಸ್‌ರೆಜೆಕ್ಸ್‌ನಲ್ಲಿ ಹುಡುಕಿ.

ಅಸರ್ಟ್‌ರೈಸಸ್‌ನ ವಿತ್ ಬ್ಲಾಕ್ ಒಳಗೆ ಒಂದೇ ಸಾಲು ಇರಲಿ. ಸಿದ್ಧತೆಯ ಸಾಲುಗಳೂ ಒಳಗಿದ್ದರೆ ಎರರ್ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಮೂರು ಇನ್‌ಪುಟ್‌ಗಳನ್ನು ಲೂಪ್‌ನಲ್ಲಿ ಹಾಕುವುದಾದರೆ ಸಬ್‌ಟೆಸ್ಟ್ ಬಳಸಿ. ಇಲ್ಲದಿದ್ದರೆ ಮೊದಲನೆಯದು ಫೇಲ್ ಆದ ಕೂಡಲೇ ಉಳಿದೆರಡರ ಗತಿ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ.

ಆಮೇಲೆ ಕ್ರಮ. ಡಿಕ್ಷನರಿಯ ಕ್ರಮ ಪೈಥಾನ್ 3.7ರಿಂದ ಭಾಷೆಯ ಖಾತ್ರಿ. ಸೆಟ್‌ನ ಕ್ರಮಕ್ಕೆ ಯಾವ ಖಾತ್ರಿಯೂ ಇಲ್ಲ. 2012ರ ಪೈಥಾನ್ 3.3ರಿಂದ ಸ್ಟ್ರಿಂಗ್‌ಗಳ ಹ್ಯಾಶ್ (ಸೆಟ್‌ನಲ್ಲಿ ಜಾಗ ಗೊತ್ತುಮಾಡುವ ಸಂಖ್ಯೆ) ಪ್ರತಿ ಪ್ರೊಸೆಸ್‌ನಲ್ಲೂ ಬೇರೆ ಬರುತ್ತದೆ. ಬೇಕೆಂದೇ ಹ್ಯಾಶ್ ಡಿಕ್ಕಿ ಹೊಡೆಸಿ ಸರ್ವರ್ ನಿಲ್ಲಿಸುವ ದಾಳಿ ತಡೆಯಲು ಹಾಗೆ ಮಾಡಿದರು. "ರಾಗಿ", "ಜೋಳ", "ಅಕ್ಕಿ" ಇರುವ ಸೆಟ್ ಪ್ರಿಂಟ್ ಮಾಡಿ ನೋಡಿ, ಪ್ರೋಗ್ರಾಂ ಓಡಿಸಿದ ಹಾಗೆಲ್ಲ ಕ್ರಮ ಬದಲಾಗಬಹುದು. ಪೂರ್ಣಾಂಕಗಳ ಸೆಟ್ ಹಾಗೆ ಆಡುವುದಿಲ್ಲ. ಅದಕ್ಕೇ ಅಂಕಿಗಳಿಂದ ಬರೆದ ಟೆಸ್ಟ್ ಸ್ಥಿರವಾಗಿ ಪಾಸ್ ಆಗುತ್ತಾ ಮೋಸ ಮಾಡುತ್ತದೆ. ಸೆಟ್ಟನ್ನು ಸೆಟ್‌ಗೇ ಹೋಲಿಸಿ, ಅಥವಾ ಸಾರ್ಟ್ ಮಾಡಿ ಹೋಲಿಸಿ. ಬಗ್ ಒಂದು ನಿರ್ದಿಷ್ಟ ಹ್ಯಾಶ್ ಬೀಜದಲ್ಲಿ ಮಾತ್ರ ಕಾಣುವುದಾದರೆ ಆಗ ಮಾತ್ರ ಪೈಥಾನ್‌ಹ್ಯಾಶ್‌ಸೀಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಅದನ್ನು ನಿಗದಿ ಮಾಡಿ, ಅದೂ ಬೇರೆ ಪ್ರೊಸೆಸ್‌ನಲ್ಲಿ.

ಫ್ಲೋಟ್‌ಗೆ, ಅಂದರೆ ದಶಮಾಂಶ ಸಂಖ್ಯೆಗೆ ಬಂದರೆ "ಯಾವಾಗಲೂ ಅಸರ್ಟ್‌ಆಲ್ಮೋಸ್ಟ್‌ಈಕ್ವಲ್ ಬಳಸಿ" ಅನ್ನುವ ಸಲಹೆ ಅರ್ಧ ಸತ್ಯ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದಕ್ಕೆ ಐಟ್ರಿಪಲ್‌ಇ 754 ಎಂಬ ಮಾನದಂಡ ನಿಖರ ಉತ್ತರ ನಿಗದಿ ಮಾಡಿದೆ. 0.1ಕ್ಕೆ 0.2 ಕೂಡಿದರೆ 0.30000000000000004 ಬರಲೇಬೇಕು, ಅಲ್ಲಿ ನಿಖರ ಹೋಲಿಕೆಯೇ ಸರಿ. ಸೈನ್, ಕೋಸೈನ್, ಟ್ಯಾಂಜೆಂಟ್ ಥರದವು ಆಯಾ ಯಂತ್ರದ ಗಣಿತ ಲೈಬ್ರರಿಯಿಂದ ಬರುತ್ತವೆ, ಕೊನೆಯ ಬಿಟ್ ಬದಲಾಗಬಹುದು. ಅಲ್ಲಿ ಮಾತ್ರ ಸ್ವಲ್ಪ ಸಡಿಲ ಕೊಡಿ. ನ್ಯಾನ್ (ಸಂಖ್ಯೆಯಲ್ಲದ ಉತ್ತರ) ತನಗೆ ತಾನೇ ಸಮ ಅಲ್ಲ ಅನ್ನುವುದು, ಋಣ ಸೊನ್ನೆ ಮತ್ತು ಧನ ಸೊನ್ನೆ ಸಮ ಅನ್ನುವುದು ಇವೆರಡೂ ನೆನಪಿರಲಿ. ಬಗ್ ಸೊನ್ನೆಯ ಚಿಹ್ನೆಯಲ್ಲಿದ್ದರೆ ಸಾಮಾನ್ಯ ಅಸರ್ಟ್‌ಈಕ್ವಲ್ ಅದನ್ನು ಹಿಡಿಯುವುದೇ ಇಲ್ಲ.

ಮೆಮೊರಿ ವಿಳಾಸ, ಐಡಿ, ತಾತ್ಕಾಲಿಕ ಫೈಲಿನ ದಾರಿ, ಲೈನ್ ನಂಬರ್ ಇವು ಹೋಲಿಕೆಯೊಳಗೆ ಬರಲೇಬಾರದು.

ಹಂತ 6: ಟೆಸ್ಟ್ ಫೇಲ್ ಆಗುವುದನ್ನು ಕಣ್ಣಾರೆ ನೋಡಿ

ಫಿಕ್ಸ್ ಇರುವ ಸೋರ್ಸ್ ಫೈಲನ್ನು ಮಾತ್ರ ಗಿಟ್‌ನಲ್ಲಿ ಹಳೆಯ ಸ್ಥಿತಿಗೆ ತನ್ನಿ, ಟೆಸ್ಟ್ ಫೈಲ್ ಹಾಗೇ ಇರಲಿ. ಸಿ ಕೋಡ್ ಆಗಿದ್ದರೆ ಮತ್ತೆ ಬಿಲ್ಡ್ ಮಾಡಿ. ಈಗ ಓಡಿಸಿ.

ನಮ್ಮ ಜೇಸನ್ ಟೆಸ್ಟ್‌ನಲ್ಲಿ ಏನು ಕಾಣಬೇಕು? ಪೈಥಾನ್ ರೂಪದ ಕ್ಲಾಸಿನಲ್ಲಿ ಮೂರು ಇನ್‌ಪುಟ್‌ಗಳೂ ಫೇಲ್, "ಜೇಸನ್‌ಡಿಕೋಡ್‌ಎರರ್ ಬರಲಿಲ್ಲ" ಅನ್ನುವ ಸಂದೇಶದೊಂದಿಗೆ. ಸಿ ರೂಪದಲ್ಲಿ ಪಾಸ್. ಇದಕ್ಕಿಂತ ಬೇರೆ ಏನು ಕಂಡರೂ ನಿಲ್ಲಿ. ಫೇಲ್ ಆದದ್ದಷ್ಟೇ ಸಾಲದು, ನೀವು ನಿರೀಕ್ಷಿಸಿದ ಕಾರಣಕ್ಕೇ ಆಗಬೇಕು. ಇಂಪೋರ್ಟ್ ಎರರ್‌ನಿಂದ ಕೆಂಪಾದದ್ದು ನಿಮ್ಮ ಬಗ್‌ಗೆ ಸಾಕ್ಷಿ ಅಲ್ಲ. ನೋಡಿಯಾದ ಮೇಲೆ ಫಿಕ್ಸ್ ವಾಪಸ್ ತಂದು ಮತ್ತೆ ಓಡಿಸಿ. ಎರಡು ನಿಮಿಷದ ಈ ಕೆಲಸವನ್ನು ಯಾವ ಕಾರಣಕ್ಕೂ ಬಿಡಬೇಡಿ. ರಿವ್ಯೂ ಮಾಡುವವರೂ ಇದನ್ನು ತಾವೇ ಮಾಡಿ ನೋಡುವುದು ಒಳ್ಳೆಯದು.

ಹಂತ 7: ನೆರೆಯ ಟೆಸ್ಟ್‌ಗೆ ತೊಂದರೆ ಕೊಡಬೇಡಿ

ಒಂದು ಟೆಸ್ಟ್ ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗ್) ಬದಲಿಸಿ ಹಾಗೇ ಬಿಟ್ಟು ಹೋದರೆ ಅದು ಪಾಸ್ ಆಗುತ್ತದೆ, ಫೇಲ್ ಆಗುವುದು ಆಮೇಲೆ ಬರುವ ಯಾವುದೋ ಪಾಪದ ಟೆಸ್ಟ್. ಹುಡುಕಲು ಇದಕ್ಕಿಂತ ಕಷ್ಟದ ಫೇಲ್ ಇಲ್ಲ. ಎನ್ವಿರಾನ್‌ಮೆಂಟ್ ವೇರಿಯಬಲ್, ಸಿಸ್‌ನ ಪಾತ್, ವಾರ್ನಿಂಗ್ ಫಿಲ್ಟರ್, ಈಗಿರುವ ಫೋಲ್ಡರ್, ಸ್ಟ್ಯಾಂಡರ್ಡ್ ಔಟ್‌ಪುಟ್, ಟೈಮ್‌ಝೋನ್, ಹೀಗೆ ಯಾವುದನ್ನು ಮುಟ್ಟಿದರೂ ವಾಪಸ್ ಇಡುವ ಸಾಲನ್ನು ಆಗಲೇ ಬರೆಯಿರಿ. ಆ್ಯಡ್‌ಕ್ಲೀನಪ್ ಇದಕ್ಕೆ ಒಳ್ಳೆಯದು. ಟಿಯರ್‌ಡೌನ್‌ಗಿಂತ ನನಗೆ ಇದೇ ಇಷ್ಟ, ಯಾಕೆಂದರೆ ಸೆಟಪ್ ಅರ್ಧದಲ್ಲಿ ಬಿದ್ದರೂ ಅಲ್ಲಿವರೆಗೆ ದಾಖಲಾದ ಕ್ಲೀನಪ್‌ಗಳು ಓಡುತ್ತವೆ. ಟೆಸ್ಟ್.ಸಪೋರ್ಟ್‌ನಲ್ಲಿ ಸ್ವಾಪ್ ಆಟ್ರ್, ಎನ್ವಿರಾನ್‌ಮೆಂಟ್‌ವಾರ್‌ಗಾರ್ಡ್, ಕ್ಯಾಪ್ಚರ್ಡ್ ಸ್ಟ್ಯಾಂಡರ್ಡ್ ಔಟ್ ಮುಂತಾದವು ಸಿದ್ಧ ಇವೆ.

ಸೀಪೈಥಾನ್‌ನ ಓಡಿಸುವ ಪ್ರೋಗ್ರಾಂ ಪ್ರತಿ ಟೆಸ್ಟ್ ಫೈಲಿನ ಮೊದಲು ಮತ್ತು ನಂತರ ಇಂಥ ಸ್ಥಿತಿಗಳನ್ನು ಹೋಲಿಸಿ, ವ್ಯತ್ಯಾಸ ಕಂಡರೆ "ಎನ್ವ್ ಚೇಂಜ್ಡ್" ಎಂದು ವರದಿ ಮಾಡುತ್ತದೆ. --ಫೇಲ್-ಎನ್ವ್-ಚೇಂಜ್ಡ್ ಆಯ್ಕೆ ಕೊಟ್ಟರೆ ಅದನ್ನು ಫೇಲ್ ಎಂದೇ ಎಣಿಸುತ್ತದೆ. ನಿಮ್ಮ ಯಂತ್ರದಲ್ಲೂ ಇದನ್ನು ಹಾಕಿಯೇ ಓಡಿಸಿ.

ಫೈಲ್ ಬೇಕಾದರೆ ನಿಮ್ಮದೇ ಹೆಸರು ಕೊಡಬೇಡಿ. ಓಎಸ್ ಹೆಲ್ಪರ್‌ನಲ್ಲಿರುವ ಟೆಸ್ಟ್‌ಎಫ್‌ಎನ್ ಬಳಸಿ. ಅದರಲ್ಲಿ ಪ್ರೊಸೆಸ್ ನಂಬರ್ ಸೇರಿರುತ್ತದೆ, ಹಾಗಾಗಿ ಪಕ್ಕದ ಪ್ರೊಸೆಸ್ ಜೊತೆ ಡಿಕ್ಕಿಯಾಗುವುದಿಲ್ಲ. ತೆರೆದ ಫೈಲನ್ನು ವಿಂಡೋಸ್‌ನಲ್ಲಿ ಅಳಿಸಲು ಆಗುವುದಿಲ್ಲ, ಮೊದಲು ಮುಚ್ಚಿ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ. ಹೇಳದೆ ಕನ್ನಡ ಅಕ್ಷರ ಬರೆದರೆ ಲಿನಕ್ಸ್‌ನಲ್ಲಿ ಸಲೀಸು, ಹಳೆಯ ಕೋಡ್‌ಪೇಜ್ (ಕೆಲವೇ ಅಕ್ಷರಗಳ ಸಂಕೇತ ಪಟ್ಟಿ) ಇರುವ ವಿಂಡೋಸ್‌ನಲ್ಲಿ ಯೂನಿಕೋಡ್ ಎನ್‌ಕೋಡ್ ಎರರ್ ಬರಬಹುದು. ಫೈಲಿನ ಹೆಸರೇ ಕನ್ನಡದಲ್ಲಿದ್ದರೆ ಇನ್ನೊಂದು ಸೂಕ್ಷ್ಮ ಇದೆ. "ಕೋಟೆ" ಎಂಬುದರ ಕೋ ಅಕ್ಷರದ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿಸಿದ ಮೂರು ಸಂಕೇತಗಳಾಗಿಯೂ ಇರಬಹುದು. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ನೀವು ಬರೆದ ಹೆಸರು ಫೋಲ್ಡರ್ ಪಟ್ಟಿಯಲ್ಲಿ ಸಿಗಲಿಲ್ಲ ಅಂತ ಟೆಸ್ಟ್ ಫೇಲ್ ಆಗುತ್ತದೆ. ಹೋಲಿಸುವ ಮೊದಲು ಎರಡನ್ನೂ ನಾರ್ಮಲೈಸ್ ಮಾಡಿ, ಅಂದರೆ ಒಂದೇ ರೂಪಕ್ಕೆ ತನ್ನಿ.

ನೆಟ್‌ವರ್ಕ್ ಪೋರ್ಟ್‌ಗೂ ಇದೇ ಮಾತು. 8080 ಅಂತ ಬರೆಯಬೇಡಿ. ಪೋರ್ಟ್ 0ಗೆ ಬೈಂಡ್ ಮಾಡಿ, ಖಾಲಿ ಇರುವುದನ್ನು ಆಪರೇಟಿಂಗ್ ಸಿಸ್ಟಂ ಕೊಡುತ್ತದೆ. ಹೊರಗಿನ ವೆಬ್‌ಸೈಟ್ ಬೇಕೇ ಬೇಕು ಅಂದರೆ ನೆಟ್‌ವರ್ಕ್ ರಿಸೋರ್ಸ್ ಅಂತ ಗುರುತು ಹಾಕಿ. ಕೇಳಿದವರಿಗೆ ಮಾತ್ರ ಅದು ಓಡುತ್ತದೆ.

ಹಂತ 8: ಸ್ಲೀಪ್ ತೆಗೆಯಿರಿ

ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್ ಕಂಡರೆ ನಾನು ಮೊದಲು ಹುಡುಕುವುದು ಟೈಮ್.ಸ್ಲೀಪ್, ಅಂದರೆ ಇಷ್ಟು ಹೊತ್ತು ಸುಮ್ಮನೆ ಕಾಯಿ ಅನ್ನುವ ಸಾಲು. "ಇನ್ನೊಂದು ಥ್ರೆಡ್ ಶುರುವಾಗಲಿ" ಅಂತ, ಅಂದರೆ ಜೊತೆಗೇ ಓಡುವ ಇನ್ನೊಂದು ಕೆಲಸದ ಎಳೆಗಾಗಿ, 0.1 ಸೆಕೆಂಡ್ ಕಾಯುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ಸಾಕು. ಎಲ್ಲ ಕೋರ್‌ಗಳೂ ತುಂಬಿದ, ಡಿಬಗ್ ಬಿಲ್ಡ್ ಓಡುತ್ತಿರುವ ನಿಧಾನದ ಬಿಲ್ಡ್‌ಬಾಟ್‌ನಲ್ಲಿ (ತಾನಾಗಿ ಬಿಲ್ಡ್ ಮಾಡಿ ಟೆಸ್ಟ್ ಓಡಿಸುವ ಯಂತ್ರ) ಆ ಥ್ರೆಡ್‌ಗೆ ಇನ್ನೂ ಸರದಿಯೇ ಬಂದಿರುವುದಿಲ್ಲ. 0.1 ಇದ್ದದ್ದನ್ನು 1 ಮಾಡಿದರೆ ರೋಗ ಹೋಗುವುದಿಲ್ಲ, ಅಪರೂಪವಾಗುತ್ತದೆ ಅಷ್ಟೆ. ಅದು ಇನ್ನೂ ಕೆಟ್ಟದ್ದು.

ಬದಲಿಗೆ ಥ್ರೆಡ್ಡಿಂಗ್‌ನ ಇವೆಂಟ್ ಬಳಸಿ. ಕೆಲಸ ಮಾಡುವ ಥ್ರೆಡ್ ತಾನು ಆ ಜಾಗಕ್ಕೆ ತಲುಪಿದಾಗ ಇವೆಂಟ್ ಸೆಟ್ ಮಾಡಲಿ, ಮುಖ್ಯ ಥ್ರೆಡ್ ಅದಕ್ಕಾಗಿ ಕಾಯಲಿ. ಕಾಯುವುದಕ್ಕೆ ಗಡುವು ಇರಲಿ, ಆದರೆ ಧಾರಾಳವಾಗಿರಲಿ. ಟೆಸ್ಟ್.ಸಪೋರ್ಟ್‌ನ ಶಾರ್ಟ್ ಟೈಮ್‌ಔಟ್ ಸಾಮಾನ್ಯವಾಗಿ 30 ಸೆಕೆಂಡ್, ಲಾಂಗ್ ಟೈಮ್‌ಔಟ್ 5 ನಿಮಿಷ. ಇಷ್ಟೊಂದಾ ಅನ್ನಿಸಬಹುದು. ಎಲ್ಲ ಸರಿ ಇದ್ದಾಗ ಇವೆಂಟ್ ತಕ್ಷಣ ಬರುತ್ತದೆ, ಗಡುವಿನಿಂದ ಒಂದು ಕ್ಷಣವೂ ವ್ಯರ್ಥವಾಗುವುದಿಲ್ಲ. ಅದು ಇರುವುದು ಟೆಸ್ಟ್ ನೇತಾಡಿಕೊಂಡು ನಿಂತುಬಿಟ್ಟಾಗ ಬಿಡಿಸಲು ಮಾತ್ರ. ಇವೆಂಟ್ ಇಡಲು ಜಾಗವೇ ಇಲ್ಲದ ಕಡೆ ಸ್ಲೀಪಿಂಗ್ ರಿಟ್ರೈ ಅನ್ನುವ ಸಹಾಯಕ ಇದೆ. ಷರತ್ತು ನಿಜವಾಗುವವರೆಗೆ ಸ್ವಲ್ಪ ಸ್ವಲ್ಪ ಕಾದು ಮತ್ತೆ ಮತ್ತೆ ನೋಡುತ್ತದೆ.

ಕಾಲ ಅಳೆಯಲು ಟೈಮ್.ಟೈಮ್ ಬೇಡ, ಹಿಂದಕ್ಕೆ ಓಡದ ಮೊನೊಟಾನಿಕ್ ಗಡಿಯಾರ ಬಳಸಿ. ಪೈಥಾನ್ 3.13ಕ್ಕೆ ಮೊದಲು ವಿಂಡೋಸ್‌ನಲ್ಲಿ ಈ ಗಡಿಯಾರದ ಹೆಜ್ಜೆ ಸುಮಾರು 15.6 ಮಿಲಿಸೆಕೆಂಡ್ ಇತ್ತು. ಅರ್ಧ ಸೆಕೆಂಡ್ ಕಾದೆವು ಅಂದರೂ ಅಳತೆಯಲ್ಲಿ ಸ್ವಲ್ಪ ಕಮ್ಮಿ ಬರಬಹುದು, ಅಷ್ಟು ಸಡಿಲ ಬಿಡಿ. "ಇಷ್ಟು ಸೆಕೆಂಡಿನೊಳಗೆ ಮುಗಿಯಬೇಕು" ಅನ್ನುವ ಅಸರ್ಟ್‌ಗಳನ್ನು ಟೆಸ್ಟ್‌ನಲ್ಲಿ ಇಡಲೇಬೇಡಿ. ವೇಗದ ಲೆಕ್ಕ ಬೆಂಚ್‌ಮಾರ್ಕ್‌ನ ಕೆಲಸ.

ಹಂತ 9: ಕ್ರ್ಯಾಶ್ ಮತ್ತು ಸೋರಿಕೆ

ಬಗ್ ಇಂಟರ್‌ಪ್ರಿಟರನ್ನೇ ಬೀಳಿಸುವಂಥದ್ದಾದರೆ ಟೆಸ್ಟನ್ನು ಬೇರೆ ಪ್ರೊಸೆಸ್‌ನಲ್ಲಿ ಓಡಿಸಿ. ಸ್ಕ್ರಿಪ್ಟ್ ಹೆಲ್ಪರ್‌ನ ಅಸರ್ಟ್ ಪೈಥಾನ್ ಓಕೆ ಇದಕ್ಕೇ ಇದೆ. ಒಂದು ಚಿಕ್ಕ ಪ್ರೋಗ್ರಾಂ ಕೊಟ್ಟರೆ ಹೊಸ ಇಂಟರ್‌ಪ್ರಿಟರ್‌ನಲ್ಲಿ ಓಡಿಸಿ, ಸರಿಯಾಗಿ ಮುಗಿಯಿತಾ ನೋಡುತ್ತದೆ. ಒಳಗೇ ಓಡಿಸಿದರೆ ಬಗ್ ವಾಪಸ್ ಬಂದ ದಿನ ಆ ಫೈಲಿನ ಉಳಿದ ಟೆಸ್ಟ್‌ಗಳೂ ಜೊತೆಗೇ ಹೋಗುತ್ತವೆ. ಆಳದ ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆಯುವುದು) ಟೆಸ್ಟ್‌ಗಳಲ್ಲಿ ನಿಮಗೆ ಬೇಕಾದ ಆಳವನ್ನು ಸಂಖ್ಯೆಯಾಗಿ ಬರೆಯಬೇಡಿ. ಸ್ಟ್ಯಾಕ್ ಗಾತ್ರ ವೇದಿಕೆಯಿಂದ ವೇದಿಕೆಗೆ, ಬಿಲ್ಡ್‌ನಿಂದ ಬಿಲ್ಡ್‌ಗೆ ಬದಲಾಗುತ್ತದೆ.

ಸಿ ಕೋಡ್ ಮುಟ್ಟಿದ್ದರೆ ದೊಡ್ಡಕ್ಷರದ -ಆರ್ ಆಯ್ಕೆಗೆ 3:3 ಕೊಟ್ಟು ಓಡಿಸಿ. ಟೆಸ್ಟ್ ಮೂರು ಸಲ ಸುಮ್ಮನೆ ಓಡಿ ಬಿಸಿಯಾಗುತ್ತದೆ, ಆಮೇಲೆ ಮೂರು ಸಲ ಎಣಿಕೆಯೊಂದಿಗೆ ಓಡುತ್ತದೆ. ಪ್ರತಿ ಸಲ ಎರಡೆರಡು ರೆಫರೆನ್ಸ್ ಉಳಿದರೆ ವರದಿಯಲ್ಲಿ 2, 2, 2 ಅಂತ ಕಾಣುತ್ತದೆ. ಹೀಗೆ ಒಂದೇ ಸಮನೆ ಬಂದರೆ ನಿಜವಾದ ಸೋರಿಕೆ. ಡೆಲ್ ಬರೆದ ತಕ್ಷಣ ವಸ್ತು ಸಾಯುತ್ತದೆ ಅಂತ ನಂಬಿ ಟೆಸ್ಟ್ ಬರೆಯಬೇಡಿ, ಪೈಪೈ ಎಂಬ ಇನ್ನೊಂದು ಪೈಥಾನ್‌ನಲ್ಲಿ ಹಾಗೆ ಆಗುವುದಿಲ್ಲ. ಬಳಕೆಯಲ್ಲಿಲ್ಲದ ವಸ್ತುಗಳನ್ನು ಗುಡಿಸುವ, ಸಪೋರ್ಟ್‌ನ ಜಿಸಿ ಕಲೆಕ್ಟ್ ಕರೆದು ಆಮೇಲೆ ನೋಡಿ. ಸೀಪೈಥಾನ್‌ಗೆ ಮಾತ್ರ ಅನ್ವಯಿಸುವ ಟೆಸ್ಟ್‌ಗೆ ಸೀಪೈಥಾನ್ ಓನ್ಲಿ ಎಂಬ ಡೆಕೊರೇಟರ್ ಹಾಕಿ. ಬೇರೆ ಪೈಥಾನ್‌ಗಳೂ ಇದೇ ಟೆಸ್ಟ್‌ಗಳನ್ನು ಬಳಸುತ್ತವೆ.

ಹಂತ 10: ಸ್ಕಿಪ್ ಮಾಡುವಾಗ ಕಾರಣ ನಿಖರವಾಗಿರಲಿ

"ವಿಂಡೋಸ್ ಆದರೆ ಬಿಡು" ಅನ್ನುವುದಕ್ಕಿಂತ "ಫೋರ್ಕ್ ಇಲ್ಲದಿದ್ದರೆ ಬಿಡು" ಅನ್ನುವುದು ಒಳ್ಳೆಯದು. ಫೋರ್ಕ್ ಅಂದರೆ ಓಡುತ್ತಿರುವ ಪ್ರೊಸೆಸ್‌ನ ನಕಲು ಮಾಡುವ ಸೌಲಭ್ಯ. ನಾಳೆ ಫೋರ್ಕ್ ಇಲ್ಲದ ಹೊಸ ವೇದಿಕೆ ಬಂದರೂ ಟೆಸ್ಟ್ ಸರಿಯಾಗಿ ನಡೆದುಕೊಳ್ಳುತ್ತದೆ. ಸ್ಕಿಪ್ ಆದದ್ದೂ ವರದಿಯಲ್ಲಿ ಹಸಿರೇ. ಆದ್ದರಿಂದ ವಿವರವಾದ ವರದಿ ತೆಗೆದು, ನಿಮ್ಮ ಟೆಸ್ಟ್ ಕನಿಷ್ಠ ಒಂದು ಕಡೆ ನಿಜವಾಗಿ ಓಡಿದೆಯಾ ನೋಡಿ.

ನಿಮ್ಮದೇ ಕಂಪೈಲರ್ ಆದರೆ

ಕಂಪೈಲರ್‌ಗಳಲ್ಲಿ ಇನ್ನೊಂದು ಪದ್ಧತಿ ಚಾಲ್ತಿಯಲ್ಲಿದೆ. ಚಿಕ್ಕ ಪ್ರೋಗ್ರಾಂ ಒಂದು ಫೈಲಿನಲ್ಲಿ, ಬರಬೇಕಾದ ಔಟ್‌ಪುಟ್ ಪಕ್ಕದ ಫೈಲಿನಲ್ಲಿ. ರಸ್ಟ್ ಭಾಷೆಯ ಯುಐ ಟೆಸ್ಟ್‌ಗಳು ಹೀಗಿವೆ. ಔಟ್‌ಪುಟ್‌ನಲ್ಲಿ ಬರುವ ಫೋಲ್ಡರ್ ದಾರಿಯನ್ನು ಮೊದಲೇ ಒಂದು ಗುರುತಿಗೆ ಬದಲಿಸಿ ಆಮೇಲೆ ಹೋಲಿಸುತ್ತಾರೆ. ಪಿಎಚ್‌ಪಿಯ ಟೆಸ್ಟ್‌ಗಳಲ್ಲಿ "ಇಲ್ಲಿ ಯಾವುದಾದರೂ ಸಂಖ್ಯೆ ಇರಲಿ" ಎಂದು ಹೇಳುವ ನಮೂನೆ ಬರೆಯಬಹುದು. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯ ಫೈಲ್‌ಚೆಕ್ ಬೇಕಾದ ಸಾಲುಗಳನ್ನು ಮಾತ್ರ ಹುಡುಕುತ್ತದೆ.

ಇಲ್ಲಿನ ಅಪಾಯ ಒಂದೇ. ರಸ್ಟ್‌ನಲ್ಲಿ --ಬ್ಲೆಸ್ ಕೊಟ್ಟರೆ ಈಗಿನ ಔಟ್‌ಪುಟ್ಟೇ ಸರಿ ಅಂತ ಫೈಲ್‌ಗಳು ತಾವಾಗಿ ಬದಲಾಗುತ್ತವೆ. ಅನುಕೂಲವೇನೋ ನಿಜ. ಆದರೆ ಬದಲಾದ ಪ್ರತಿ ಸಾಲನ್ನೂ ಗಿಟ್ ಡಿಫ್‌ನಲ್ಲಿ ಓದದೆ ಕಮಿಟ್ ಮಾಡಿದರೆ, ಹಿಡಿಯಬೇಕಾದ ಬಗ್‌ಗೆ ನೀವೇ ಸರಿ ಅಂತ ಮುದ್ರೆ ಒತ್ತಿದ ಹಾಗಾಗುತ್ತದೆ.

ಹಂತ 11: ಕಳಿಸುವ ಮೊದಲು ಹಿಂಸೆ ಕೊಡಿ

ದೊಡ್ಡಕ್ಷರದ -ಎಫ್ ಆಯ್ಕೆ ಟೆಸ್ಟನ್ನು ಫೇಲ್ ಆಗುವವರೆಗೂ ಓಡಿಸುತ್ತಲೇ ಇರುತ್ತದೆ. ಅದರ ಜೊತೆ -ಜೆಗೆ ನಿಮ್ಮ ಕೋರ್‌ಗಳಿಗಿಂತ ಹೆಚ್ಚಿನ ಸಂಖ್ಯೆ ಕೊಟ್ಟು ಯಂತ್ರವನ್ನು ಸುಸ್ತು ಮಾಡಿ, ಊಟಕ್ಕೆ ಹೋಗಿ ಬನ್ನಿ. ಟೆಸ್ಟನ್ನು ಒಂಟಿಯಾಗಿ ಓಡಿಸಿ, ಇಡೀ ಗುಂಪಿನ ಜೊತೆಗೂ ಓಡಿಸಿ. ಚಿಕ್ಕಕ್ಷರದ -ಆರ್ ಕೊಟ್ಟು ಕ್ರಮ ಕಲಸಿ ಓಡಿಸಿ.

ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಫಿಕ್ಸ್ ಮತ್ತು ಟೆಸ್ಟ್ ಒಟ್ಟಿಗೇ ಇರಲಿ. ಬಳಕೆದಾರರಿಗೆ ಕಾಣುವ ಬದಲಾವಣೆ ಆದರೆ ಬ್ಲರ್ಬ್ ಉಪಕರಣದಿಂದ ನ್ಯೂಸ್ ಟಿಪ್ಪಣಿ ಸೇರಿಸಿ. ಮರ್ಜ್ ಆದ ಮೇಲೆ ಬಿಲ್ಡ್‌ಬಾಟ್‌ಗಳ ಮೇಲೆ ಕಣ್ಣಿಡಿ, ನಿಮ್ಮ ಹತ್ತಿರ ಇಲ್ಲದ ಯಂತ್ರಗಳು ಅಲ್ಲಿವೆ.

ಅಲ್ಲಿ ಫೇಲ್ ಕಂಡರೆ ಟೆಸ್ಟ್‌ಗೆ ರಿಟ್ರೈ ಸುತ್ತುವ ಆಸೆಯನ್ನು ತಡೆದುಕೊಳ್ಳಿ. ಲಾಗ್‌ನಲ್ಲಿರುವ ರ‍್ಯಾಂಡಮ್ ಸೀಡ್ ತೆಗೆದುಕೊಂಡು --ರ‍್ಯಾಂಡ್‌ಸೀಡ್‌ಗೆ ಅದನ್ನೇ ಕೊಟ್ಟು ನಿಮ್ಮಲ್ಲಿ ಓಡಿಸಿ, ಅದೇ ಕ್ರಮ ವಾಪಸ್ ಬರುತ್ತದೆ. ಎನ್ವ್ ಚೇಂಜ್ಡ್ ಅಥವಾ ಸೋರಿಕೆ ಕಂಡು ಯಾವ ಟೆಸ್ಟ್‌ನಿಂದ ಅಂತ ಗೊತ್ತಾಗದಿದ್ದರೆ ಟೆಸ್ಟ್ ಪ್ಯಾಕೇಜಿನ ಬೈಸೆಕ್ಟ್ ಕಮಾಂಡ್ ಓಡಿಸಿ. ಅದು ಟೆಸ್ಟ್‌ಗಳ ಪಟ್ಟಿಯನ್ನು ಮತ್ತೆ ಮತ್ತೆ ಕುಗ್ಗಿಸುತ್ತಾ ತಪ್ಪಿತಸ್ಥ ಟೆಸ್ಟ್‌ಗಳ ಹೆಸರು ಹೇಳುತ್ತದೆ. ಕಾರಣ ಒಂದೆರಡು ದಿನದಲ್ಲಿ ಸಿಗದಿದ್ದರೆ ಟೆಸ್ಟನ್ನು ಸದ್ಯಕ್ಕೆ ಸ್ಕಿಪ್ ಮಾಡಿ, ಅದಕ್ಕೇ ಹೊಸ ಇಶ್ಯೂ ತೆರೆದು, ಆ ನಂಬರನ್ನು ಸ್ಕಿಪ್‌ನ ಕಾರಣದಲ್ಲಿ ಬರೆಯಿರಿ.